ಉರಾಳರ ಅಡಿಗೆ ಬಸ್ಸಿಗೆ ಬೋಟಿನ ಸ್ಟೇರಿಂಗು

ಹಾಂ, ಆ ಬಸ್ಸಿಗೆ ಡ್ರೈವರು ಇಬ್ಬರು ಅನ್ನುವಲ್ಲಿಗೆ ಬಂದು ನಿಂತಿತ್ತಲ್ಲ ಮಾತು. ಬೆಳಿಗ್ಗೆ ಒಬ್ಬರು ಸಂಜೆ ಒಬ್ಬರು ಅಂತ ಅಲ್ಲ ಮತ್ತೆ. ಒಂದೇ ಹೊತ್ತಿಗೆ, ಒಂದೇ ಸ್ಟೇರಿಂಗಿಗೆ ಇಬ್ಬರು. ಬಲಗಡೆ ಸೀಟಿನಲ್ಲಿ ಸಾಲಿಗ್ರಾಮದ ದಿನಕರ ಉರಾಳರು, ಪಕ್ಕದ ಇಂಜಿನ್ ಡಬ್ಬದ ಮೇಲೆ ಗೋಣಿಚೀಲ ಹಾಸಿಕೊಂಡು ಅವರ ಹೆಂಡತಿ ಪಂಕಜಾಕ್ಷಿಯಮ್ಮ. ಉರಾಳರು "ಎಡ" ಅಂದರೆ ಅಮ್ಮ ತನ್ನ ಕಡೆಗೆ ಎಳೆಯಬೇಕು, "ಬಲ" ಅಂದರೆ ದೂಡಬೇಕು. ಎಳೆದು ದೂಡಿ ಎಳೆದು ದೂಡಿ ಎಂಟು ವರ್ಷ ಆ ಬಸ್ಸು ಬ್ರಹ್ಮಾವರದಿಂದ ಶಿರೂರಿನವರೆಗೆ ಓಡಾಡಿತು.

ಉರಾಳರು ಅಡಿಗೆಯವರು. ಮದುವೆ, ಉಪನಯನ, ಷಷ್ಟ್ಯಬ್ದಿ, ಯಾವುದಿದ್ದರೂ ಜನ ಮೊದಲು ಕೇಳುತ್ತಿದ್ದದ್ದು ಅವರ ಕಾಶಿ ಹಲ್ವ. ಬೂದುಗುಂಬಳವನ್ನು ಎಲ್ಲರೂ ತುರಿಯುತ್ತಾರೆ, ಸಕ್ಕರೆ ಎಲ್ಲರೂ ಹಾಕುತ್ತಾರೆ. ಆದರೆ ಮೂರು ಗಂಟೆ ಹೊತ್ತು ಸಟ್ಟುಗ ನಿಲ್ಲಿಸದೆ ತಿರುಗಿಸುವ ಬಲಗೈ ಇದ್ದದ್ದು ಅವರೊಬ್ಬರಿಗೆ. ತೊಂಬತ್ತೇಳರಲ್ಲಿ ಅವರು ಬ್ರಹ್ಮಾವರದ ಕಡೆ ಓಡಿ ಓಡಿ ಸುಸ್ತಾಗಿದ್ದ ಒಂದು ಹಳೆ ಮಿನಿ ಬಸ್ಸು ತಂದರು. ಸೀಟೆಲ್ಲ ಕಿತ್ತು ಹಾಕಿ ಒಳಗೊಂದು ಮನೆಯನ್ನೇ ಮಾಡಿದರು. ಡ್ರೈವರ್ ಸೀಟಿನ ಹಿಂದೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಗ್ಯಾಸಿನ ಒಲೆ. ಅದರ ಪಕ್ಕ ರುಬ್ಬುವ ಕಲ್ಲು. ಮೇಲೆ ಹಗ್ಗದಲ್ಲಿ ತೂಗುವ ಕೊಪ್ಪರಿಗೆಗಳು, ಹಿಂದೆ ಒಂದು ಮಂಚ, ಮಂಚದ ಕೆಳಗೆ ತೆಂಗಿನೆಣ್ಣೆ ಬಾಟಲಿಗಳು, ಹಿಂಬಾಗಿಲಿಗೆ ಕಟ್ಟಿದ ತುಳಸಿ. ಕಾರ್ತಿಕದಿಂದ ವೈಶಾಖದವರೆಗೆ ಗಂಡ ಹೆಂಡತಿಯ ವಾಸ ಅದರಲ್ಲೇ. ಇವತ್ತು ಕೋಟೇಶ್ವರ, ನಾಳೆ ಉಪ್ಪುಂದ.

ಎಲ್ಲ ಸರಿ ಇತ್ತು. ರುಬ್ಬುವ ಕಲ್ಲು, ಒಲೆ, ಅಕ್ಕಿ ಮೂಟೆ ಎಲ್ಲ ಮುಂದೆಯೇ ಇದ್ದುದರಿಂದ ಭಾರವೆಲ್ಲ ಮುಂದಿನ ಚಕ್ರಕ್ಕೆ ಬಿತ್ತು ನೋಡಿ, ಸ್ಟೇರಿಂಗು ಮಾತ್ರ ಒಬ್ಬರ ಕೈಗೆ ಬಗ್ಗಲಿಲ್ಲ.

ಒಮ್ಮೆಯಂತೂ ಕೋಟ ದಾಟುವಾಗ ಅಮ್ಮ, ನಿನ್ನೆಯ ಸಾರಿಗೆ ಬೆಲ್ಲ ಹೆಚ್ಚಾಗಿತ್ತು ಅಂದರು. ಉರಾಳರಿಗೆ ಸಿಟ್ಟು ಬಂತು, ಮಾತು ನಿಂತಿತು. ಸಣ್ಣಪುಟ್ಟ ತಿರುವನ್ನೆಲ್ಲ ಸಿಟ್ಟಿನ ಬಲದಿಂದಲೇ ತಿರುಗಿಸಿಕೊಂಡು ಹೋದರು. ಬೈಂದೂರಿನಲ್ಲಿ ಮದುವೆಮನೆಯ ದಾರಿ ಬಂತು. ಗಂಡ "ಬಲ" ಅನ್ನಲಿಲ್ಲ, ಹೇಳದೆ ಹೆಂಡತಿ ದೂಡಲಿಲ್ಲ. ಬಸ್ಸು ನೆಟ್ಟಗೆ ಮುಂದೆ ಹೋಯಿತು. ಶಿರೂರಿನಲ್ಲಿ ಎದುರಿಗೆ ಒಂದು ಎಮ್ಮೆ ಅಡ್ಡ ಬಂದು ನಿಂತ ಮೇಲೆ ಉರಾಳರು ಮೆಲ್ಲಗೆ "ಬಲ" ಅಂದರು.

"ಬಾಯ್ ಬಿಟ್ರಲ್ದಾ," ಅಂದರು ಅಮ್ಮ, ದೂಡುತ್ತಾ. "ಬೆಲ್ಲ ಹೆಚ್ಚೇ ಆಯಿತ್ತ್."

ಇಷ್ಟು ನಡೆದದ್ದಕ್ಕೆ ಬೆಲೆ ಕೊಟ್ಟದ್ದು ಉರಾಳರ ಬಲ ಭುಜ. ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಕೈ ಎತ್ತಿ ಜನಿವಾರ ಸರಿ ಮಾಡಿಕೊಳ್ಳುವುದೂ ಕಷ್ಟವಾಯಿತು. ಕುಂದಾಪುರದ ಡಾಕ್ಟರು ಭುಜ ಒತ್ತಿ ನೋಡಿ, ಬಸ್ಸಿನ ಕಥೆ ಕೇಳಿ ಹೇಳಿದರು: "ಉರಾಳರೇ, ಈ ಕೈಯಲ್ಲಿ ಇನ್ನು ಒಂದೇ ಭಾರದ ಕೆಲಸ. ಸಟ್ಟುಗವೋ ಸ್ಟೇರಿಂಗೋ, ನೀವೇ ಹೇಳಿ. ಎರಡೂ ಮಾಡಿದರೆ ಎರಡೂ ಇಲ್ಲ."

ಪಂಕಜಾಕ್ಷಿಯಮ್ಮನಿಗೆ ಅವತ್ತಿನಿಂದ ಒಂದೇ ಚಿಂತೆ. ಹಲ್ವ ಇಲ್ಲದ ಉರಾಳರನ್ನು ಅವರು ಕಂಡವರೇ ಅಲ್ಲ. ಮದುವೆಯಾದ ಹೊಸತರಲ್ಲಿ ಆ ಮನುಷ್ಯ ಮಾತಾಡಲಿಕ್ಕೆ ನಾಚಿ, ಒಂದು ಎಲೆಯ ತುಂಡಿನಲ್ಲಿ ಹಲ್ವ ತಂದು ಪಕ್ಕದಲ್ಲಿ ಇಟ್ಟು ಓಡಿ ಹೋಗಿದ್ದರು. ಆ ಕೈ ಹೋದರೆ ಮನೆಯಲ್ಲಿ ಉಳಿಯುವುದು ಸಾರಿಗೆ ಬೆಲ್ಲ ಹಾಕುವ ಕೈ ಮಾತ್ರ.

"ಒಬ್ಬ ಡ್ರೈವರನ್ ಇಟ್ಕಂಬ," ಅಂದರು ಉರಾಳರು.

"ಅವ್ನ್ ಮಲ್ಗುದ್ ಎಲ್ಲಿ? ನಮ್ ಇಬ್ರ್ ನಡುಕಾ?"

"ಅಕ್ಕಿ ಮೂಟಿ ಮೇಲ್ ಮಲ್ಗ್ಲಿ."

"ಅಕ್ಕಿ ಮೂಟಿ ಮೇಲ್ ಈಗ್ಳೇ ನೀವ್ ಮಲ್ಗುದ್. ಮಂಚ ನಂದ್."

ಆಮೇಲೆ ಅಮ್ಮ ಯಾರಿಗೂ ಹೇಳದೆ ಬ್ರಹ್ಮಾವರದ ಒಂದು ಡ್ರೈವಿಂಗ್ ಶಾಲೆಗೆ ಹೋದರು, ಐವತ್ತೊಂದನೇ ವರ್ಷದಲ್ಲಿ. ಕಲಿಸುವವನು "ಕ್ಲಚ್ಚು" ಅಂದರೆ ಕ್ಲಚ್ಚು, "ಬ್ರೇಕು" ಅಂದರೆ ಬ್ರೇಕು, ಒಂದೂ ತಪ್ಪಲಿಲ್ಲ. ಒಬ್ಬರು ಹೇಳಿದ ಕೂಡಲೇ ಮಾಡಿ ಏಳೆಂಟು ವರ್ಷದ ಅಭ್ಯಾಸ ಅಲ್ಲವಾ. ಲೈಸೆನ್ಸು ಸಿಕ್ಕಿತು. ಅದೇ ಖುಷಿಯಲ್ಲಿ ಬಂದು ಸ್ವಂತ ಬಸ್ಸಿನ ಸೀಟಿನಲ್ಲಿ ಒಬ್ಬರೇ ಕೂತು ಎರಡೂ ಕೈಯಲ್ಲಿ ತಿರುಗಿಸಿದರೆ, ಸ್ಟೇರಿಂಗು ಒಂದು ಅಂಗುಲವೂ ಜರುಗಲಿಲ್ಲ. ಲೈಸೆನ್ಸನ್ನು ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟರು.

ಮರುವರ್ಷ ಗಂಗೊಳ್ಳಿಯಲ್ಲಿ ಒಂದು ದೇವಸ್ಥಾನದ ಸಂತರ್ಪಣೆ. ಬಸ್ಸನ್ನು ಒಳಗೆ ತರಲಿಕ್ಕೆ ಗಂಡ ಹೆಂಡತಿ ಒದ್ದಾಡುವುದನ್ನು ಒಬ್ಬ ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದ. ಅವನೇ ದೇವು ಖಾರ್ವಿ. ಬಂದರಿನಲ್ಲಿ ಬೋಟುಗಳ ಸ್ಟೇರಿಂಗು ರಿಪೇರಿ ಮಾಡುವವನು.

"ಹ್ವಾಯ್ ಉರಾಳ್ರೆ, ನೀವ್ ಬಸ್ ತಿರ್ಸುದಾ, ಬಾವಿಯಿಂದ್ ನೀರ್ ಸೇದುದಾ?"

"ಬಾವಿಯಾರೆ ನೀರ್ ಮೇಲ್ ಬತ್ತ್ ಮಾರಾಯ," ಅಂದರು ಅಮ್ಮ, ಏದುಸಿರು ಬಿಡುತ್ತಾ.

"ನಮ್ ಬೋಟ್ ಇದ್ರ ಮೂರ್ ಪಾಲ್ ಇತ್ತ್ ಅಮ್ಮ. ಬೋಟ್ ಬಿಡು ನಮ್ ತಾಂಡೇಲ ಒಂದ್ ಕೈಯಂಗೆ ಚಾ ಕುಡಿತಾ ಇನ್ನೊಂದ್ ಕೈಯಂಗೆ ತಿರ್ಸ್ತ. ಎಣ್ಣಿ ಸ್ಟೇರಿಂಗ್ ಅದ್. ನೀವ್ ತಿರ್ಸಿರೆ ಪೈಪಂಗೆ ಎಣ್ಣಿ ಹೋತ್ತ್, ಎಣ್ಣಿಯೇ ದೂಡತ್ತ್. ನಿಮ್ದೆಂತ ಇಲ್ಲೆ."

"ಬಸ್ಸಿಗ್ ಬೋಟಿನ್ ಸಾಮಾನ್ ಆತ್ತಾ?" ಉರಾಳರು ಕೇಳಿದರು.

"ಹಾಕಿ ಕಾಂಬ. ಮುಳ್ಗುಕಂತೂ ಇಲ್ಲೆ ಅಲ್ದಾ."

ಅಮ್ಮ ಗಂಡನ ಮುಖ ನೋಡಲಿಲ್ಲ. ಗಂಡನ ಭುಜ ನೋಡಿ, "ಹಾಕ್," ಅಂದರು.

ದೇವು ಒಡೆಯಲಿಕ್ಕೆ ಹಾಕಿದ್ದ ಒಂದು ಬೋಟಿನಿಂದ ಪಂಪು, ಪೈಪು, ಚಕ್ರ ದೂಡುವ ಸಿಲಿಂಡರು ಎಲ್ಲ ಬಿಚ್ಚಿ ತಂದ. ಆರು ದಿವಸ ಬಸ್ಸಿನ ಅಡಿಯಲ್ಲಿ ಮಲಗಿಯೇ ಇದ್ದ. ಪೈಪನ್ನು ಒಲೆಯ ಕೆಳಗಿನಿಂದ ಎಳೆದು ಮುಂದಿನ ಚಕ್ರಕ್ಕೆ ಕೊಟ್ಟ. ಬಸ್ಸಿನ ಹಳೇ ಸ್ಟೇರಿಂಗು ಹೊಸ ಪಂಪಿನ ಕಡ್ಡಿಗೆ ಕೂರಲಿಲ್ಲ. ಅವನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಬೋಟಿನ ಚಕ್ರವನ್ನೇ ಕೂರಿಸಿದ. ಮರದ್ದು, ಸುತ್ತಲೂ ಎಂಟು ಹಿಡಿ. ಹೊರಗಿನಿಂದ ನೋಡಿದವರಿಗೆ, ಅಡಿಗೆಯವರು ಸಮುದ್ರಕ್ಕೆ ಹೊರಟ ಹಾಗೆ.

ಬಂದರಿನ ಬಯಲಿನಲ್ಲಿ ಪರೀಕ್ಷೆ. ಮೊದಲು ಉರಾಳರು ಕೂತರು. ಎಂಟು ವರ್ಷ ಜಗ್ಗಿ ಅಭ್ಯಾಸವಾದ ಕೈ, ಒಮ್ಮೆ ಜಗ್ಗಿದರು. ಚಕ್ರ ಗರಗರ ತಿರುಗಿತು, ಬಸ್ಸು ಮಾತ್ರ ಯೋಚನೆ ಮಾಡುತ್ತಾ ಇತ್ತು. ಮತ್ತೆ ಜಗ್ಗಿದರು. ಆಗ ಬಸ್ಸಿಗೆ ಅರ್ಥವಾಗಿ ತಿರುಗಲಿಕ್ಕೆ ಶುರು ಮಾಡಿದ್ದು ನಿಲ್ಲಲೇ ಇಲ್ಲ. ಬಲೆ ಹೊಲಿಯುತ್ತಾ ಕೂತವರನ್ನು ಎರಡು ಸುತ್ತು ಹಾಕಿತು.

"ತಿರ್ಸಿದ್ದ್ ನೀವೇ ಅಲ್ದಾ, ವಾಪಾಸ್ ತಿರ್ಸುದೂ ನೀವೇ," ಅಂತ ದೇವು ಪಕ್ಕದಲ್ಲಿ ಓಡುತ್ತಾ ಹೇಳಿದ. "ಇದ್ ತನ್ನಷ್ಟಕ್ಕೇ ನೆಟ್ಟಗ್ ಆತಿಲ್ಲೆ. ಈ ಕಡಿಂದ ಆ ಕಡಿಗೆ ಏಳ್ ಸುತ್ತ್. ತಿರ್ವ್ ದೂರದಂಗೆ ಕಾಂತಲೇ ಶುರು ಮಾಡ್ಕ್."

ಆಮೇಲೆ ಅಮ್ಮ ಕೂತರು. ಹಿಡಿ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಕೈಗೆ ಏನೋ ಗುರುತು ಸಿಕ್ಕಿತು. ಗುಂಡಗೆ, ಒಂದೇ ಹದದಲ್ಲಿ, ನಿಲ್ಲಿಸದೆ. ಇದು ರುಬ್ಬುವ ಕಲ್ಲು. ಉದ್ದಿನಬೇಳೆ ಒಂದು ಇಲ್ಲ ಅಷ್ಟೇ. ನಲವತ್ತು ವರ್ಷ ರುಬ್ಬಿದ ಕೈ ಬಸ್ಸನ್ನು ಐಸಿನ ಲಾರಿಗಳ ನಡುವಿನಿಂದ ತಂದು, ದೇವು ಎಲ್ಲಿ ನಿಂತಿದ್ದನೋ ಅಲ್ಲಿಗೆ ತಂದು ನಿಲ್ಲಿಸಿತು.

"ಅಮ್ಮ ತಾಂಡೇಲ ಆಯ್ಕ್," ಅಂದ ದೇವು.

"ಇಳಿ," ಅಂದರು ಉರಾಳರು ಹೆಂಡತಿಗೆ. "ಸೀಟ್ ನಂದ್. ಈಗ ಹಗೂರ ಇತ್ತಲ್ದಾ, ನಂಗೆ ಎಂತ ಆತಿಲ್ಲೆ."

ಅಮ್ಮ ಇಳಿದು ಗೋಣಿಚೀಲಕ್ಕೆ ಹೋದರು. ಅವರಿಗೆ ಬೇಕಾಗಿದ್ದದ್ದು ಸೀಟಲ್ಲ, ಗಂಡನ ಭುಜ. ಅದು ಉಳಿದರೆ ಸಾಕಿತ್ತು. ಉಳಿಯಿತು ಕೂಡಾ. ಆ ಕಾರ್ತಿಕದಲ್ಲಿ ಉರಾಳರು ಎರಡು ಬೆರಳಿನಲ್ಲಿ ಬಸ್ಸು ಬಿಟ್ಟರು, ಎರಡು ಕೈಯಲ್ಲಿ ಹಲ್ವ ತಿರುಗಿಸಿದರು. ಹೆದ್ದಾರಿಯಲ್ಲಿ ಲಾರಿ ಎದುರು ಬಂದರೆ ಮೊದಲಿನ ಹಾಗೆ ಇಬ್ಬರೂ ಬಾಗಿ ಎಳೆಯುವ ಗಡಿಬಿಡಿ ಇಲ್ಲ. ಅಮ್ಮ ಕೂತಲ್ಲೇ ಬೀನ್ಸು ಮುರಿಯುತ್ತಿದ್ದರು.

ಆದರೆ ಜನವರಿಯಲ್ಲಿ ಒಂದು ವಿಷಯ ಅವರ ಕಣ್ಣಿಗೆ ಬಿತ್ತು. ಮಂಚದ ಕೆಳಗಿನ ತೆಂಗಿನೆಣ್ಣೆಯಲ್ಲಿ ಐದು ಬಾಟಲಿ ಕಡಿಮೆ. ಕೇಳಿದರೆ ಉರಾಳರು, "ಭುಜಕ್ಕ್ ಹಚ್ಚಿದ್ದೆ," ಅಂದರು. ಮತ್ತೆ ನೋವು ಬಂತಾ ಅಂತ ಅಮ್ಮ ಅಂಗಿ ಸರಿಸಿ ಭುಜ ನೋಡಿದರು. ಐದು ಬಾಟಲಿ ಹಚ್ಚುವಷ್ಟು ನೋವು ಅಂದರೆ ಕಡಿಮೆಯದ್ದಲ್ಲ. ಆದರೆ ಮೈಯಲ್ಲಿ ಎಣ್ಣೆ ವಾಸನೆಯೂ ಇರಲಿಲ್ಲ, ಅಂಗಿಯಲ್ಲಿ ಕಲೆಯೂ ಇರಲಿಲ್ಲ.

ಅದಾಗಿ ಎರಡನೇ ದಿವಸ ಬಿಜೂರಿನಲ್ಲಿ ಸುಧಾಕರ ಅಡಿಗರ ಮಗನ ಉಪನಯನ. ಮಧ್ಯಾಹ್ನದ ಊಟಕ್ಕೆ ಹಲ್ವ. ಕುಂಬಳಕಾಯಿ ತುರಿದು ಹಿಂಡಿ ಕೊಪ್ಪರಿಗೆಯಲ್ಲಿ ತಯಾರಿತ್ತು, ಎಂಟೂವರೆಗೆ ಒಲೆಗೇರಿಸಿದರೆ ಸರಿ. ಬೆಳಿಗ್ಗೆ ಸಾಲಿಗ್ರಾಮದಲ್ಲಿ ಒಲೆ ಹೊತ್ತಿಸಿ ಕಾಫಿ ಕಾಸಿ ಕುಡಿದು, ಒಲೆ ಆರಿಸಿ ಹೊರಟರು. ಆ ವರ್ಷ ಚಳಿ ಸ್ವಲ್ಪ ಹೆಚ್ಚೇ. ಕುಂದಾಪುರ ದಾಟುವಾಗ ಸ್ಟೇರಿಂಗು ಕೊಂಚ ಬಿಗಿ ಅಂತ ಉರಾಳರು ಅಂದರು. ತ್ರಾಸಿ ಕಳೆದ ಮೇಲೆ ಆ ಬಿಗಿಯೇ ಅವರಿಗೆ ಇಷ್ಟವಾಯಿತು. ಮರವಂತೆಯಲ್ಲಿ ಗೊತ್ತಲ್ಲ, ಎಡಗಡೆ ಸಮುದ್ರ, ಬಲಗಡೆ ಹೊಳೆ, ನಡುವೆ ನೆಟ್ಟಗೆ ರಸ್ತೆ. ಎರಡೂ ಕಡೆಯ ಗಾಳಿ ಬಸ್ಸಿನ ಹೊಟ್ಟೆಯಡಿಯಲ್ಲಿ ನುಗ್ಗುತ್ತಿತ್ತು.

"ಕಾಣ್ ಪಂಕಜಾ, ಎಷ್ಟ್ ನಿಯತ್ತಂಗೆ ಹೋತ್ತ್. ಕೈ ಬಿಟ್ರೂ ನೆಟ್ಟಗೇ ಹೋತ್ತ್."

ನೆಟ್ಟಗೇ ಹೋಯಿತು. ರಸ್ತೆ ಬಲಕ್ಕೆ ಬಾಗುವಲ್ಲಿಯೂ ನೆಟ್ಟಗೇ ಹೊರಟಿತು. ಉರಾಳರು ಚಕ್ರ ತಿರುಗಿಸಲಿಕ್ಕೆ ಹೋದರೆ ಅದು ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತಿದೆ. ಬ್ರೇಕು ಒತ್ತಿದರು. ಬಸ್ಸು ರಸ್ತೆ ಬಿಟ್ಟು ಮರಳಿನಲ್ಲಿ ನಾಲ್ಕು ಮಾರು ಹೋಗಿ, ಸಮುದ್ರದ ಕಡೆಗೆ ಮುಖ ಮಾಡಿ ನಿಂತಿತು. ಬೋಟಿನ ಸ್ಟೇರಿಂಗಿಗೆ ಹಳೇ ನೆನಪು ಬಂದ ಹಾಗೆ.

ಉರಾಳರು ಎದ್ದು ನಿಂತು, ಕಚ್ಚೆ ಬಿಗಿದು, ಎರಡೂ ಕೈ ಚಕ್ರಕ್ಕೆ ಹಾಕಿದರು.

"ಬಿಡಿ," ಅಂದರು ಅಮ್ಮ. "ಈಗ ಎಳ್ದ್ರೆ ನಿಮ್ ಕೈ ಹೋತ್ತ್. ಕೈ ಹೋರೆ ಹಲ್ವ ಹೋತ್ತ್. ಕೂಕಣಿ."

ಅಷ್ಟರಲ್ಲಿ ಅಮ್ಮನ ಕಣ್ಣು ಕಿಟಕಿಯ ಹತ್ತಿರದ ಬಾಟಲಿಗೆ ಹೋಯಿತು. ಒಗ್ಗರಣೆಗೆ ಅಂತ ಇಟ್ಟುಕೊಂಡ ತೆಂಗಿನೆಣ್ಣೆ. ಚಳಿಗೆ ಹೆಪ್ಪುಗಟ್ಟಿ ಬೆಳ್ಳಗೆ, ಮೇಣದ ಹಾಗೆ ಕೂತಿತ್ತು. ಅಮ್ಮ ಬಾಟಲಿ ನೋಡಿದರು. ಸ್ಟೇರಿಂಗು ನೋಡಿದರು. ಗಂಡನನ್ನು ನೋಡಿದರು.

"ಹ್ವಾಯ್, ಐದ್ ಬಾಟ್ಲಿ ಎಣ್ಣಿ ಹಚ್ಚುಕೆ ನಿಮ್ ಭುಜ ಎಷ್ಟ್ ದೊಡ್ಡದ್?"

ಉರಾಳರು ಸಮುದ್ರ ನೋಡಿದರು.

"ಅದ್ ಬೋಟಿನ್ ಎಣ್ಣಿ ಅಲ್ದಾ ಪಂಕಜಾ," ಅಂದರು ಕೊನೆಗೆ. "ಎಷ್ಟ್ ಮೀನ್ ಕಂಡದ್ದೋ. ಅದ್ರ ಪೈಪ್ ಹೋಪುದ್ ನಮ್ ಒಲಿ ಅಡಿಯಂಗೆ. ಮೇಲ್ ದೇವ್ರ್ ನೈವೇದ್ಯ, ಕೆಳ್ಗೆ ಅದ್. ನಂಗೆ ಮನಸ್ ತಡಿಲಿಲ್ಲ. ಅದನ್ನ್ ಪೂರಾ ತೆಗ್ದ್ ನಮ್ಮನಿ ಕಾಯಿದೇ ಎಣ್ಣಿ ಹಾಕ್ದೆ. ಬಟ್ಟಿಯಂಗ್ ಸೋಸಿಯೇ ಹಾಕಿದ್ದ್."

"ಸೋಸಿದ್ದ್ ಒಳ್ಳೆದಾಯ್ತ್," ಅಂದರು ಅಮ್ಮ. "ಇಲ್ದಿರೆ ಕಸ ಸಿಕ್ಕಿ ಬೀಳ್ತಿತ್ತ್."

ಬಿಸಿಲು ಏರಿ ಎಣ್ಣೆ ಕರಗುವವರೆಗೆ ಕಾದರೆ ಹತ್ತು ಗಂಟೆ. ಆಮೇಲೆ ಹೋಗಿ ಹಲ್ವ ಇಟ್ಟರೆ ಊಟಕ್ಕೆ ಸಿಗುವುದಿಲ್ಲ. ಅಮ್ಮ ಒಲೆಯನ್ನು ನೋಡಿದರು. ಬೆಳಿಗ್ಗೆ ಕಾಫಿ ಕಾಸಿದ ಬಿಸಿಗೆ ತಾನೇ ಇದು ಕುಂದಾಪುರದವರೆಗೆ ತಿರುಗಿದ್ದು.

"ಒಲಿ ಹೊತ್ಸಿ."

"ಬರೀ ಒಲಿಯಾ?"

"ಬರೀ ಒಲಿ ಎಂತಕ್ಕೆ, ಹಲ್ವವೇ ಇಡಿ."

ಉರಾಳರ ಮುಖ ಒಮ್ಮೆ ಅರಳಿತು, ಮತ್ತೆ ಬಾಡಿತು. "ಇಟ್ರೆ ನಾನ್ ಸಟ್ಗ ಬಿಡುಕ್ ಆತಿಲ್ಲೆ. ಬಸ್ ಬಿಡುದ್ ಯಾರ್?"

ಅಮ್ಮ ಸಾಸಿವೆ ಡಬ್ಬಿ ತೆಗೆದು, ಲೈಸೆನ್ಸಿಗೆ ಅಂಟಿದ ಸಾಸಿವೆ ಕೊಡವಿ, ಸೆರಗಿಗೆ ಒರೆಸಿ ಡ್ರೈವರ್ ಸೀಟಿನಲ್ಲಿ ಕೂತರು.

ಕಾಲು ಗಂಟೆಯಲ್ಲಿ ಚಕ್ರ ಸಡಿಲವಾಯಿತು. ಬಸ್ಸು ಸಮುದ್ರಕ್ಕೆ ಬೆನ್ನು ಹಾಕಿ ರಸ್ತೆಗೆ ಬಂತು. ಸೈಕಲ್ಲಿನ ವೇಗ. ಹಿಂದೆ ಉರಾಳರು ಒಂದು ಕಾಲನ್ನು ರುಬ್ಬುವ ಕಲ್ಲಿಗೆ ಒತ್ತಿ ನಿಂತು ಸಟ್ಟುಗ ತಿರುಗಿಸುತ್ತಿದ್ದರು. ಕಿಟಕಿಯಿಂದ ತುಪ್ಪ ಏಲಕ್ಕಿಯ ಘಮ ಹೊರಗೆ ಹೋಗುತ್ತಿತ್ತು. ಮೂರು ಸ್ಕೂಟರಿನವರು ಮುಂದೆ ಹೋಗಲಿಕ್ಕೆ ಜಾಗ ಇದ್ದರೂ ಹೋಗದೆ ಹಿಂದೆಯೇ ಬಂದರು. ಒಂದು ಸರ್ವಿಸ್ ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಅಮ್ಮಾ, ಎಂತ ಬೇಯ್ಸ್ತ್ರಿ?" ಅಂತ ಕೇಳಿದ.

"ಸ್ಟೇರಿಂಗ್," ಅಂದರು ಅಮ್ಮ.

ನಾವುಂದದಲ್ಲಿ ಒಬ್ಬ ಮುದುಕ ಕೈ ಅಡ್ಡ ಹಿಡಿದ. ಹೆಸರು ಕುಷ್ಟ, ಕಂಕುಳಲ್ಲಿ ಕೊಡೆ. ಬಸ್ಸು ಅಂದುಕೊಂಡಿದ್ದ, ಬಸ್ಸೇ ಹೌದಲ್ಲ.

"ಬೈಂದೂರಿಗ್ ಹೋತ್ತಾ?"

"ತಿರ್ಗಿರೆ ಬಿಜೂರ್, ತಿರ್ಗದಿರೆ ಬೈಂದೂರ್," ಅಂದರು ಅಮ್ಮ.

"ಎರಡೂ ಅಡ್ಡಿಲ್ಲೆ," ಅಂತ ಕುಷ್ಟ ಹತ್ತಿ ಅಕ್ಕಿ ಮೂಟೆಯ ಮೇಲೆ ಕೂತ. ಉರಾಳರು ಹೆಸರೊಂದು ಕೇಳಿ ಅವನ ಕೈಗೆ ತುಪ್ಪದ ತಂಬಿಗೆ ಕೊಟ್ಟರು.

ಬಿಜೂರಿನ ತಿರುವು ಹತ್ತಿರ ಬರುವಷ್ಟರಲ್ಲಿ ಹಲ್ವ ಗಟ್ಟಿಯಾಗುವ ಹದಕ್ಕೆ ಬಂದಿತ್ತು. ಆ ಹದದಲ್ಲಿ ಉರಿ ಸಣ್ಣದಿರಬೇಕು. ಸಣ್ಣದು ಮಾಡಿದ್ದೇ ತಡ ಸ್ಟೇರಿಂಗು ಮತ್ತೆ ಬಿಗಿಯಾಗತೊಡಗಿತು.

"ಹ್ವಾಯ್, ಬಲಕ್ಕ್ ತಿರ್ಗ್ಕ್. ಉರಿ ಜೋರ್ ಮಾಡಿ."

"ಜೋರ್ ಮಾಡಿರೆ ತಳ ಹಿಡಿತ್ತ್."

"ಮಾಡದಿರೆ ಶಿರೂರಂಗ್ ಊಟ ಹಾಕ್ಕ್."

ಉರಾಳರಿಗೆ ಜೀವಮಾನದಲ್ಲಿ ಅಂಥ ಕಷ್ಟ ಬಂದಿರಲಿಲ್ಲ. ಡಾಕ್ಟರು ಹೇಳಿದ್ದು ಸಟ್ಟುಗವೋ ಸ್ಟೇರಿಂಗೋ ಅಂತ, ಈಗ ಎರಡೂ ಒಂದೇ ಒಲೆಯ ಮೇಲೆ ಕೂತಿವೆ. ಕಣ್ಣು ಮುಚ್ಚಿ ಉರಿ ಜೋರು ಮಾಡಿದರು. "ಕುಷ್ಟಾ, ತುಪ್ಪ," ಅಂದರು. ಕುಷ್ಟ ಹೊಯ್ದ. ಉರಾಳರು ಎರಡೂ ಕೈಯಲ್ಲಿ ಸಟ್ಟುಗ ಹಿಡಿದು ತಳದಿಂದ ಮೇಲಕ್ಕೆ, ತಳದಿಂದ ಮೇಲಕ್ಕೆ. ಮುಂದೆ ಅಮ್ಮ ಹಿಡಿ ಹಿಡಿದು ಒಂದು ಸುತ್ತು, ಎರಡು ಸುತ್ತು. ಹಿಂದೆ ಮುಂದೆ ಇಬ್ಬರ ಕೈಯೂ ಒಂದೇ ತಾಳದಲ್ಲಿ ತಿರುಗುತ್ತಿತ್ತು. ಎಂಟು ವರ್ಷ ಒಂದೇ ಚಕ್ರ ಹಿಡಿದವರಿಗೆ ಅದೇನು ಹೊಸತಲ್ಲ. ಆರು, ಏಳು. ಬಸ್ಸು ಮೆಲ್ಲಗೆ ತಲೆ ತಿರುಗಿಸಿ ಬಿಜೂರಿನ ದಾರಿಗೆ ಇಳಿಯಿತು. ಅಮ್ಮ ಏಳು ಸುತ್ತು ವಾಪಸು ತಂದರು. ಉರಾಳರು ಉರಿ ಸಣ್ಣ ಮಾಡಿ ಸಟ್ಟುಗದ ತುದಿ ಮೂಸಿ ನೋಡಿದರು.

"ಹಿಡಿತಾ?" ಅಮ್ಮ ಕೇಳಿದರು.

"ಇಲ್ಲೆ," ಅಂದರು ಉರಾಳರು. "ಕೈಯೂ ಸಮಾ ಇತ್ತ್."

ಅಡಿಗರ ಮನೆಯವರು ಅಂಗಳಕ್ಕೆ ಬಂದು ನೋಡಿದರೆ, ಹೆಂಗಸೊಬ್ಬರು ಹಡಗಿನ ಚಕ್ರ ತಿರುಗಿಸುತ್ತಾ ಬರುತ್ತಿದ್ದಾರೆ, ಬಸ್ಸಿನೊಳಗೆ ಹಲ್ವ ಬೇಯುತ್ತಿದೆ, ಹಿಂದೆ ಮೂರು ಸ್ಕೂಟರು. ಈಗೆಲ್ಲ ಹೀಗೇ ಇರಬೇಕು ಅಂತ ಅವರು ಏನೂ ಕೇಳಲಿಲ್ಲ. ಸ್ಕೂಟರಿನವರಿಗೂ ಎಲೆ ಹಾಕಿದರು. ಕುಷ್ಟ ಬೈಂದೂರಿನ ಕೆಲಸವನ್ನು ನಾಳೆಗೆ ಇಟ್ಟುಕೊಂಡ.

ಮರುದಿನ ದೇವು ಬಂದು ಪೈಪು ಬಿಚ್ಚಿದ. ಒಳಗಿನಿಂದ ಬಂದ ಬಿಳೀ ಗಟ್ಟಿಯನ್ನು ಬೆರಳಿನಲ್ಲಿ ತೆಗೆದು ಮೂಸಿದ.

"ಉರಾಳ್ರೆ, ನಾನ್ ಹಾಕಿದ್ದ್ ಸೀಲ್ ಒಡಿಯದ್ ಡಬ್ಬಿ. ಅಂಗ್ಡಿಯಿಂದ್ ಸೀದಾ ತಂದದ್ದ್. ಆ ಎಣ್ಣಿ ಒಂದ್ ಮೀನಿನ್ ಮುಖವೂ ಕಾಣ್ಲಿಲ್ಲ."

"ನೀನ್ ಮೊದ್ಲೇ ಹೇಳುಕಾಗದಾ?"

"ನೀವ್ ಕೇಂಡ್ರಾ? ಸ್ಟೇರಿಂಗಿಗ್ ಒಗ್ಗರ್ಣಿ ಹಾಕ್ತ್ರಿ ಅಂದೇಳಿ ನಂಗ್ ಹ್ಯಾಂಗ್ ಗೊತ್ತಾತ್ತ್?"

ಉಬ್ಬಿ ಹೋಗಿದ್ದ ರಬ್ಬರಿನ ವಾಶರುಗಳನ್ನೆಲ್ಲ ಬದಲಾಯಿಸಿ, ಪೈಪು ತೊಳೆದು, ಉರಾಳರ ಕಣ್ಣೆದುರೇ ಹೊಸ ಡಬ್ಬಿಯ ಸೀಲು ಒಡೆದು ಸರಿಯಾದ ಎಣ್ಣೆ ತುಂಬಿದ. ಪೈಪನ್ನು ಒಲೆಯಿಂದ ಒಂದು ಮಾರು ಆಚೆಗೂ ಸರಿಸಿಕೊಟ್ಟ, ಉರಾಳರ ಮನಸ್ಸಿನ ಸಮಾಧಾನಕ್ಕೆ. ಆಮೇಲೆ ಯಾವ ಚಳಿಗೂ ಅದು ಬಿಗಿಯಲಿಲ್ಲ. ಓಡುವ ಬಸ್ಸಿನಲ್ಲಿ ಮಾಡಿದ ಹಲ್ವಕ್ಕೆ ಏನೋ ಒಂದು ರುಚಿ ಜಾಸ್ತಿ ಅಂತ ಉರಾಳರು ಎರಡು ಮೂರು ಸಲ ಹೇಳಿ ನೋಡಿದರು. ಒಲೆ ಆರದೆ ಕೀಲಿ ತಿರುಗಿಸುವುದಿಲ್ಲ ಅಂತ ಅಮ್ಮ ಅಲ್ಲಿಗೇ ಮುಗಿಸಿದರು.

ಕೀಲಿ ಅಮ್ಮನ ಸೊಂಟಕ್ಕೆ ಹೋದದ್ದು ಹಾಗೆ. ಯಾರೂ ಕೊಟ್ಟದ್ದಲ್ಲ, ಕೇಳಿದ್ದೂ ಅಲ್ಲ. ಮರುದಿನ ಉರಾಳರು ತಾವಾಗಿ ಹೋಗಿ ಇಂಜಿನ್ ಡಬ್ಬದ ಮೇಲೆ ಗೋಣಿಚೀಲ ಕೊಡವಿ ಕೂತಿದ್ದರು, ಅಷ್ಟೇ. ಹೆದ್ದಾರಿ ಅಗಲವಾಗುತ್ತಾ ಬಂತು, ತಿರುವುಗಳೆಲ್ಲ ಬದಲಾದವು, ಬಸ್ಸಿಗೆ ಎರಡು ಸಲ ಬಣ್ಣವಾಯಿತು. ಹತ್ತಿರ ಹತ್ತು ವರ್ಷವಾದರೂ ಡಬ್ಬದ ಮೇಲೆ ಕೂತವರು ಈಗಲೂ ಅಭ್ಯಾಸಬಲದಿಂದ "ಬಲ" ಅನ್ನುತ್ತಾರೆ. ಸೀಟಿನಲ್ಲಿ ಕೂತವರು ತಮಗೆ ಬೇಕಾದ ಕಡೆಗೆ ಹೋಗುತ್ತಾರೆ.

ಮಳೆಗಾಲದಲ್ಲಿ ಬಸ್ಸು ಸಾಲಿಗ್ರಾಮದಲ್ಲೇ ಇರುತ್ತದೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಹಲಸಿನ ಮರದ ಅಡಿಯಲ್ಲಿ. ಗುರುತು ಕೇಳಬೇಕಾಗಿಲ್ಲ, ಗಾಜಿನೊಳಗೆ ಬೋಟಿನ ಚಕ್ರ ಕಾಣುತ್ತದೆ. ಆ ದಾರಿಯಲ್ಲಿ ಹೋದರೆ ಒಮ್ಮೆ ಇಳಿದು ಹೋಗಿ ಬನ್ನಿ ಮಾರಾಯ್ರೆ. ಪಂಕಜಾಕ್ಷಿಯಮ್ಮನನ್ನು ಮಾತಾಡಿಸಿ, ಚಕ್ರದ ಹಿಡಿ ಒಮ್ಮೆ ಹಿಡಿದು ನೋಡುತ್ತೇನೆ ಅನ್ನಿ, ಬಿಡುತ್ತಾರೆ. ತೆಂಗಿನೆಣ್ಣೆ ಮಾತು ಮಾತ್ರ ಉರಾಳರ ಎದುರು ಈಗಲೇ ತೆಗೆಯಬೇಡಿ. ಅವರು ಸೋಸಿಯೇ ಹಾಕಿದ್ದು ಅಂತ ವಿವರಿಸಲಿಕ್ಕೆ ಕೂರುತ್ತಾರೆ, ಸಟ್ಟುಗ ನಿಲ್ಲುತ್ತದೆ. ಹಲ್ವ ಒಲೆಯಿಂದ ಇಳಿದು ನಿಮ್ಮ ಕೈಯ ಎಲೆಗೆ ಬರಲಿ, ಆಮೇಲೆ ಕೇಳಿ.